ನಮ್ಮ ಬೀದಿಯ ಅರ್ಚಕರ ಬಲಗೈ

ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಸದಾ ಉಜ್ಜಾಡುತ್ತಿತ್ತು. ಗರ್ಭಗುಡಿಯ ಮುಂದೆ ನಿಂತಾಗಲೂ ಅಷ್ಟೇ, ತರಕಾರಿ ಅಂಗಡಿಯ ಮುಂದೆ ನಿಂತಾಗಲೂ ಅಷ್ಟೇ. ನಂಜನಗೂಡಿನ ನಮ್ಮ ಬೀದಿಯವರೆಲ್ಲ ಅದನ್ನು ಜಪ ಎಂದು ತಿಳಿದೆವು. ಒಂದು ಗಳಿಗೆಯೂ ದೇವರನ್ನು ಬಿಡುವುದಿಲ್ಲವಲ್ಲ ಎಂದು ಹೊಗಳಿದವರಲ್ಲಿ ನಾನೇ ಮೊದಲಿಗಳು. ಅದು ನಡುಕದ ಕಾಯಿಲೆ ಎಂದು ಮೈಸೂರಿನ ಡಾಕ್ಟರು ಹೇಳುವ ಹೊತ್ತಿಗೆ ಒಂದು ವರ್ಷವೇ ಕಳೆದಿತ್ತು. ಅರ್ಚಕರಿಗೆ ಮೊದಲೇ ಅನುಮಾನವಿತ್ತಂತೆ. ಜಪ ಅಂದುಕೊಂಡರೆ ಅಂದುಕೊಳ್ಳಲಿ ಎಂದು ಸುಮ್ಮನಿದ್ದರಂತೆ.

ಬೀದಿಯ ಕೊನೆಯಲ್ಲಿರುವ ಚಿಕ್ಕ ಗಣಪತಿ ಗುಡಿಯ ಅರ್ಚಕರು ಅವರು. ನಾನು ಟಿ. ನರಸೀಪುರ ತಾಲ್ಲೂಕಿನ ಮೂಗೂರಿನ ಒಕ್ಕಲು ಮನೆಯ ಹೆಣ್ಣು, ಟೀಚರಾಗಿ ಈ ಊರಿಗೆ ಬಂದವಳು. ಬಂದ ಹೊಸದರಲ್ಲಿ ತೀರ್ಥಕ್ಕೆ ಕೈಯೊಡ್ಡಿದಾಗ ನನ್ನ ಬೆರಳು ಅವರ ಕೈಯಲ್ಲಿದ್ದ ಉದ್ಧರಣೆಗೆ ತಾಗಿಬಿಟ್ಟಿತು. ಮಡಿ ಕೆಟ್ಟಿತು. ಅವರು ಬೈಯಲಿಲ್ಲ. ಆ ಮಾಘದ ಚಳಿಯಲ್ಲಿ ಬಾವಿಗೆ ಹೋಗಿ ಇನ್ನೊಮ್ಮೆ ತಲೆಗೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಬಂದು ಉಳಿದವರಿಗೆ ತೀರ್ಥ ಕೊಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ನನ್ನ ಮಗನಿಗೆ ಟೈಫಾಯಿಡ್ ಬಂದಾಗ ದಿನವೂ ಮನೆಯವರೆಗೆ ಬಂದು, ಹೊಸ್ತಿಲಾಚೆಯೇ ನಿಂತು, ಮಗು ಏನಾದರೂ ತಿಂತೇ ಎಂದು ಕೇಳಿ ಹೋಗುತ್ತಿದ್ದರು. ಕೋಪ ಪೂರ್ತಿ ಹೋಯಿತೆಂದು ಸುಳ್ಳು ಹೇಳಲಾರೆ, ಅರ್ಧ ಇಳಿಯಿತು.

ಇದೆಲ್ಲ ಆಗಿ ಎಷ್ಟೋ ವರ್ಷಗಳ ಮೇಲೆ ಬಂದದ್ದು ಈ ನಡುಕ. ಅದು ಹೆಚ್ಚಾದ ಮೇಲೆ ತೀರ್ಥ ಅಂಗೈಗೆ ಬೀಳುವುದಕ್ಕಿಂತ ಸೀರೆಗೆ ಬೀಳುವುದೇ ಹೆಚ್ಚಾಯಿತು. ಬೇರೆ ಅರ್ಚಕರನ್ನು ನೋಡುವುದು ಒಳ್ಳೆಯದು ಎಂದು ಯಾರೋ ಆಡಿದ ಮಾತು ಅವರ ಕಿವಿಗೆ ಬಿತ್ತು. ಮರುದಿನದಿಂದ ತೀರ್ಥದ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು, ನೀವೇ ತಗೊಳ್ಳಿ ಎಂದು ಒಳಗೆ ಕೂತುಬಿಟ್ಟರು. ಮನೆಯಲ್ಲೂ ಗೋಡೆಗೆ ಮುಖ ಮಾಡಿ ಒಬ್ಬರೇ ಉಣ್ಣುತ್ತಾರೆ, ಹುಳಿ ಚೆಲ್ಲುವುದನ್ನು ಯಾರೂ ನೋಡಬಾರದಂತೆ ಎಂದು ಅವರ ಹೆಂಡತಿ ನನ್ನ ಹತ್ತಿರ ಹೇಳಿಕೊಂಡು ಅತ್ತರು. ನನ್ನದೋ ಸುಮ್ಮನಿರುವ ಬಾಯಲ್ಲ. ಗುಡಿಗೆ ಹೋಗಿ, ನಾನೇ ತಗೊಳ್ಳೋದಾದರೆ ನಮ್ಮನೆ ನಲ್ಲಿ ನೀರೇ ಸಾಕು, ನಾಳೆಯಿಂದ ಬರುವುದಿಲ್ಲ ಎಂದು ಅಂದು ಬಂದೆ. ಅಂದ ಮೇಲೆ ಅಯ್ಯೋ, ಯಾಕಾದರೂ ಅಂದೆನೋ ಅನ್ನಿಸಿತು.

ತಡೆಯಲಾರದೆ ಮರುದಿನ ಹೋದರೆ ಅವರು ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಉದ್ಧರಣೆ ಎತ್ತಿದರು, ಅರ್ಧ ಚೆಲ್ಲಿತು. ಹಿಡಿಯಲೆಂದು ನನ್ನ ಕೈ ತಾನಾಗಿ ಮುಂದೆ ಹೋಗಿ ನಡುವೆಯೇ ನಿಂತುಬಿಟ್ಟಿತು. ಅವರು ಅದನ್ನು ನೋಡಿದರು.

"ಹಿಡ್ಕೊಳಿ, ಟೀಚರಮ್ಮ."

"ಮಡೀಲಿದ್ದೀರಲ್ಲ."

"ಮಡಿ ನಾನು ನೋಡ್ಕೋತೀನಿ. ಈ ಕೈ ನನ್ನ ಮಾತು ಕೇಳ್ತಿಲ್ಲ. ನೀವು ಹಿಡ್ಕೊಂಡ್ರೆ ಕೇಳತ್ತೇನೋ."

ತಣ್ಣಗಿನ, ಸಣ್ಣ ಮಣಿಕಟ್ಟು. ಹಿಡಿದುಕೊಂಡೆ. ಮೂರು ಸಲ ಕೊಟ್ಟರು, ಒಂದು ಹನಿಯೂ ಚೆಲ್ಲಲಿಲ್ಲ. ಕುಡಿದು ಒದ್ದೆ ಅಂಗೈಯನ್ನು ತಲೆಗೆ ಒರೆಸಿಕೊಂಡೆ. ಹಿಂದೆ ನಿಂತಿದ್ದ ಒಬ್ಬರು ಮಡಿ ಗಿಡಿ ಎಲ್ಲ ಹೋಯಿತು ಎಂದು ಗೊಣಗಿದರು. ಹೂ ಮಾರುವವಳು ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದು, "ನಾನೂ ಇಡ್ಕೋತೀನಿ ಬುಡಿ ಐನೋರೆ" ಅಂದಳು. ಅವತ್ತಿನಿಂದ ನಮ್ಮ ಗುಡಿಯ ಕ್ರಮವೇ ಅದಾಯಿತು. ಎಡಗೈಯಲ್ಲಿ ಅರ್ಚಕರ ಮಣಿಕಟ್ಟು ಹಿಡಿಯುವುದು, ಬಲಗೈಗೆ ತೀರ್ಥ ತೆಗೆದುಕೊಳ್ಳುವುದು. ಗೊಣಗಿದವರು ಎರಡು ತಿಂಗಳು ಮುನಿಸಿಕೊಂಡಿದ್ದು ಆಮೇಲೆ ಅವರೂ ಬಂದರು. ಅರ್ಚಕರು ಹೆಂಡತಿಯ ಎದುರಿಗೆ ಕೂತು ಊಟ ಮಾಡತೊಡಗಿದರಂತೆ, ಚೆಲ್ಲಿದರೆ ಚೆಲ್ಲಲಿ ಎಂದು.

ಅವರಿಗೆ ಅಷ್ಟು ಬುದ್ಧಿ ಹೇಳಿದ ನಾನೇನು ಕಡಿಮೆ ಕಳ್ಳಿಯಲ್ಲ. ಸಕ್ಕರೆ ಕಾಯಿಲೆಯಿಂದ ನನ್ನ ಪಾದ ಮರಗಟ್ಟಿ ತಿಂಗಳುಗಳಾಗಿದ್ದವು. ಸೊಸೆಗೆ ಗೊತ್ತಾದರೆ ಹೊರಗೆ ಕಾಲಿಡಲು ಬಿಡುವುದಿಲ್ಲವೆಂದು ಮುಚ್ಚಿಟ್ಟಿದ್ದೆ. ಒಂದು ಬೆಳಿಗ್ಗೆ ಎಡಗಾಲಿನ ಚಪ್ಪಲಿಯೊಂದಿಗೇ ಗುಡಿಯೊಳಕ್ಕೆ ನಡೆದುಬಿಟ್ಟೆ. ಎರಡೂ ಬಿಟ್ಟಿದ್ದೇನೆಂದೇ ತಿಳಿದಿದ್ದೆ. ಅರ್ಚಕರು ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, ಚಪ್ಪಲಿ ಬಿಟ್ಟು ಬನ್ನಿ ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಿಟ್ಟು ಬಂದು, ವಯಸ್ಸಾಯಿತು, ಮರೆವು ಎಂದು ನಕ್ಕೆ. ಅವರು ನಗಲಿಲ್ಲ.

"ಮರೆವಲ್ಲ ಅದು. ಕಾಲಿಗೆ ಗೊತ್ತಾಗ್ತಿಲ್ಲ. ನಾನು ಒಂದು ವರ್ಷ ಬಚ್ಚಿಟ್ಟು ಕೆಟ್ಟೆ, ನೀವು ಕೆಡಬೇಡಿ. ಮನೇಲಿ ಹೇಳಿ ಬನ್ನಿ, ಆಮೇಲೇ ನಿಮಗೆ ತೀರ್ಥ."

ಕೊಡಲೇ ಇಲ್ಲ. ಸಿಟ್ಟಿನಲ್ಲೇ ಮನೆಗೆ ಹೋಗಿ ಸೊಸೆಗೆ ಹೇಳಿದೆ. ಅವಳು ನನ್ನ ಅಂಗಾಲು ಎತ್ತಿ ನೋಡಿದರೆ ಅಲ್ಲೊಂದು ಕೀವಾದ ಗಾಯ, ನನಗೆ ಗೊತ್ತೇ ಇಲ್ಲದ್ದು. ಇನ್ನು ಹತ್ತು ದಿನ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರು. ಮೂರು ತಿಂಗಳು ಕಾಲು ನೆಲಕ್ಕೆ ಊರುವ ಹಾಗಿರಲಿಲ್ಲ. ಅಷ್ಟರಲ್ಲೇ ಅರ್ಚಕರು ಹಾಸಿಗೆ ಹಿಡಿದು, ಒಂದು ಬೆಳಗಿನ ಜಾವ ತೀರಿಕೊಂಡರು.

ನನ್ನ ಕಾಲು ಉಳಿಯಿತು. ಅವತ್ತು ಅವರು ಕೊಡದೆ ಇಟ್ಟುಕೊಂಡ ತೀರ್ಥವನ್ನು ಅವರ ಕೈಯಿಂದ ತೆಗೆದುಕೊಳ್ಳುವುದು ಮಾತ್ರ ಆಗಲಿಲ್ಲ.