ಗಿಟಾರಿನ ಬೆನ್ನ ಮೇಲಿನ ಕೈ

ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ಮುಂಬಾಗಿಲಿಗೆ ಹೋದ ವಾರ ಪಾಲಿಶ್ ಮಾಡಿಸಿದೆವು. ಸ್ಪಿರಿಟ್ಟಿನಲ್ಲಿ ಕರಗಿದ ಅರಗಿನ ವಾಸನೆ ನಿಮಗೂ ಗೊತ್ತಿರಬೇಕು. ಮೂಗಿಗಿಂತ ಮೊದಲು ಗಂಟಲಿಗೆ ಇಳಿಯುತ್ತದೆ. ನನಗೆ ಅದು ಭದ್ರಾವತಿಯ ವಾಸನೆ. ನೆನಪಿನ ವಿಷಯದಲ್ಲಿ ನಾನು ಅಷ್ಟೇನೂ ನಂಬಿಕಸ್ಥನಲ್ಲ. ಡೈರಿ ಬರೆಯುವವರಿಗೆ ನಡೆದದ್ದೂ ಬರೆದದ್ದೂ ಕಲಸಿಹೋಗಿರುತ್ತವೆ. ಆದರೂ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಭದ್ರಾವತಿ ನ್ಯೂಟೌನಿನ ಗೆಳೆಯ ಸೆಲ್ವ ತನ್ನ ಕೈಯಾರೆ ಒಂದು ಗಿಟಾರ್ ಮಾಡಿದ್ದ. ಕಬ್ಬಿಣದ ಕಾರ್ಖಾನೆಯಲ್ಲಿ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುತ್ತಿದ್ದ ಅವನ ಅಪ್ಪ, ಬೀಟೆಯ ಹಲಗೆಗಳನ್ನು ಮಂಚದ ಕೆಳಗೆ ವರ್ಷಗಟ್ಟಲೆ ಒಣಗಿಸಿಟ್ಟು, ಅವುಗಳಿಂದ ಏನೂ ಮಾಡದೆ ತೀರಿಕೊಂಡಿದ್ದರು. ಚರ್ಚಿನಲ್ಲಿ ಗಿಟಾರ್ ನುಡಿಸುತ್ತಿದ್ದ ತಂಗಿ ಸ್ಟೆಲ್ಲಾಳ ಮದುವೆಗೆ ಆ ಹಲಗೆಗಳೇ ಈಗ ಗಿಟಾರಾಗಿ ಉಡುಗೊರೆಯಾಗಲಿದ್ದವು.

ಪಾಲಿಶ್ ಕೆಟ್ಟಿದೆ, ಬಾ ಎಂದು ಸೆಲ್ವ ಕರೆದ. ನಾನು ಓದಿದ್ದು ಇತಿಹಾಸದ ಎಂ.ಎ. ಆದರೆ ವಾದ್ಯಗಳ ಪಾಲಿಶ್ ಬಗ್ಗೆ ಒಂದು ಪುಸ್ತಕ ಓದಿದ್ದೇನೆಂದು ಎಂದೋ ಅವನೆದುರು ಜಂಬ ಕೊಚ್ಚಿದ್ದೆ. ಬಸ್ಸು ಹತ್ತದೆ ವಿಧಿಯಿರಲಿಲ್ಲ.

ಅಂಚಿನಲ್ಲಿ ಪಾಲಿಶ್ ಇಳಿದು ಹನಿಗಟ್ಟಿತ್ತು. ಕುತ್ತಿಗೆಯ ಬುಡದಲ್ಲಿ ಬ್ರಶ್ಶಿನ ಕೂದಲೊಂದು ಹೂತುಹೋಗಿತ್ತು. ಬ್ಲೇಡಿನಿಂದ ಹೆರೆದು, ನಯವಾದ ಪಾಲಿಶ್ ಪೇಪರಿನಿಂದ ಉಜ್ಜಿ ಎರಡನ್ನೂ ಸರಿಮಾಡಿದೆವು. ಆಮೇಲೆ ಸೆಲ್ವ ಗಿಟಾರನ್ನು ಬೋರಲು ಹಾಕಿದ. ಕಪ್ಪು ಬೀಟೆಯ ಮೇಲೆ, ಪಾಲಿಶಿನ ಒಳಗೆ, ಬೆಳ್ಳಗೆ ಒಂದು ಅಂಗೈ.

ಮಳೆಗಾಲದಲ್ಲಿ ಅರಗು ಒಣಗುವಾಗ ಗಾಳಿಯ ತೇವ ಹಿಡಿದುಕೊಂಡು ಹೀಗೆ ಬೆಳ್ಳಗಾಗುತ್ತದೆ ಎಂದೆ. ಪುಸ್ತಕದಲ್ಲಿತ್ತು.

"ತೇವಕ್ಕೆ ಬೆರಳಿರುತ್ತಾ ಮಾರಾಯ?" ಎಂದ ಸೆಲ್ವ.

ಅವನ ಅಮ್ಮ ಬಂದು ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. "ನಿಮ್ಮಪ್ಪ ನಮ್ಮನ್ನ ಕೈ ಬಿಟ್ಟಿಲ್ಲ ಕಣಪ್ಪ," ಎಂದಾಗ ಮುಖದಲ್ಲಿ ಸಂತೋಷವೇ ಇತ್ತು. ಸಂಜೆಯ ಹೊತ್ತಿಗೆ ಅದೇ ಮಾತು ತಿರುಗಿಕೊಂಡಿತು. ಸ್ಟೆಲ್ಲಾ ಮದುವೆಯಾಗಬೇಕಿದ್ದ ಶಿವಮೊಗ್ಗದ ಹುಡುಗ ಬೇಡವೆಂದು ಅಪ್ಪ ಬದುಕಿದ್ದಾಗಲೇ ಹೇಳಿದ್ದರಂತೆ. ಕೈ ಬಿಟ್ಟಿಲ್ಲವೆಂದರೆ ಇನ್ನೂ ಹಿಡಿದುಕೊಂಡಿದ್ದಾರೆ ಎಂದಲ್ಲವೇ? ಆ ಗುರುತು ಹೋಗುವವರೆಗೆ ಮದುವೆಯ ಮಾತು ಬೇಡ ಎಂದುಬಿಟ್ಟರು. ಒಳಗಿದ್ದ ಸ್ಟೆಲ್ಲಾಳಿಗೆ ಕೇಳಿಸಿರಬೇಕು.

ನಾನು ಅಲ್ಲೇ ಉಳಿದೆ. ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆಯುಂಡೆಯನ್ನು ತಾಗಿಯೂ ತಾಗದಂತೆ ಸವರಿದೆವು. ಬಿಳುಪು ಕರಗಿತು. ಬೆಳಿಗ್ಗೆ ನೋಡಿದರೆ ಮತ್ತೆ ಬಂದಿತ್ತು. ಮರ ಕಾಣುವವರೆಗೆ ಉಜ್ಜಿ ತೆಗೆದು ಹೊಸದಾಗಿ ಹಚ್ಚಿದೆವು. ಒಣಗುತ್ತಿದ್ದಂತೆ ಮೊದಲು ಹೆಬ್ಬೆರಳು ಮೂಡಿತು, ಆಮೇಲೆ ಉಳಿದವು. ಈ ಸಲ ಬೆರಳುಗಳು ಇನ್ನಷ್ಟು ಅಗಲಿಸಿಕೊಂಡಿದ್ದವು ಎಂದು ನೆನಪು. ಅಥವಾ ನೆನೆದು ನೆನೆದು ನಾನೇ ಅಗಲಿಸಿದೆನೋ.

ಆಗ ಸ್ಟೆಲ್ಲಾ ಹೊರಬಂದು, ಬಾಗಿಲಲ್ಲಿ ನಿಂತಿದ್ದ ಅಮ್ಮನ ಎದುರೇ, ಆ ಗುರುತಿನ ಮೇಲೆ ತನ್ನ ಅಂಗೈ ಇಟ್ಟಳು.

"ನಂದೇ ಕೈ ಅಮ್ಮಾ. ಒಣಗಿದ್ಯಾ ಅಂತ ಮುಟ್ಟಿ ಮುಟ್ಟಿ ನೋಡ್ತಿದ್ದೆ. ಬೈತೀರ ಅಂತ ಹೇಳ್ಲಿಲ್ಲ."

ಅಳತೆ ತೆಗೆದು ಮಾಡಿದಂತೆ ಕೂತಿತ್ತು. ಅಮ್ಮ ಬೈದರು, ಅತ್ತರು, ಕಾಫಿ ಮಾಡಿದರು. ಮದುವೆ ನಡೆಯಿತು. ಗಿಟಾರ್ ಗುರುತಿನ ಸಮೇತ ಅವಳ ಜೊತೆ ಶಿವಮೊಗ್ಗಕ್ಕೆ ಹೋಯಿತು.

ಇಷ್ಟೂ ನೆನಪಾಗಿ ಸ್ಟೆಲ್ಲಾಳಿಗೆ ಫೋನ್ ಮಾಡಿದೆ. ಅಮ್ಮ ಹೋದ ವರ್ಷ ತೀರಿಕೊಂಡರಂತೆ. ಸ್ವಲ್ಪ ಹೊತ್ತು ಅವರ ಬಗ್ಗೆ ಮಾತಾಡಿದೆವು. ಅವತ್ತು ನಿನ್ನ ಕೈ ಎಷ್ಟು ಸರಿಯಾಗಿ ಕೂತಿತ್ತಲ್ಲ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

"ಅಣ್ಣಾ, ಅವತ್ತಿಗೆ ಮುಂಚೆ ನಾನು ಅದನ್ನ ಮುಟ್ಟೇ ಇರ್ಲಿಲ್ಲ. ಅದೆಷ್ಟು ದೊಡ್ಡದಿತ್ತು ಅಂದ್ರೆ ನನ್ನ ಕೈ ಅದರೊಳಗೆ ಮುಳುಗಿಹೋಗಿತ್ತು. ಅಮ್ಮ ಹತ್ರ ಬಂದು ನೋಡಿದ್ರೆ ಮುಗೀತು ಅಂದ್ಕೊಂಡೆ. ಅಷ್ಟ್ರಲ್ಲಿ ನೀವೇ ಅಂದ್ರಲ್ಲ, ಸರಿಯಾಗಿ ಕೂತಿದೆ ಅಂತ. ಓದಿದೋರು ಹೇಳಿದ್ಮೇಲೆ ಅಮ್ಮ ನೋಡೋಕೇ ಬರ್ಲಿಲ್ಲ."

ನಾನು ಹಾಗೆ ಅಂದದ್ದು ನನಗೆ ನೆನಪಿಲ್ಲ. ಕಂಡದ್ದು ಮಾತ್ರ ನೆನಪಿದೆ: ಸುತ್ತಲೂ ಒಂದೆಳೆ ಬಿಳುಪು ಉಳಿಯದಂತೆ ಕೂತ ಆ ಕೈ. ಗುರುತು ಇಷ್ಟರಲ್ಲಿ ಹೋಗಿರಬೇಕಲ್ಲ ಎಂದೆ.

"ಮಳೆಗಾಲಕ್ಕೆ ಬರುತ್ತೆ, ಬೇಸಿಗೆಗೆ ಹೋಗುತ್ತೆ. ಚಿಕ್ಕದಾಗ್ತಾ ಬಂದಿದೆ ಅಣ್ಣಾ. ಈಗ ನನ್ನ ಕೈಯಷ್ಟೇ ಇದೆ. ಬನ್ನಿ ಒಂದ್ಸಲ, ನೋಡಿ ಹೇಳಿ."

ಬರುತ್ತೇನೆ ಎಂದೆ. ಅವಳ ಮನೆ ನಡೆದು ಹೋಗುವಷ್ಟೇ ದೂರ. ಇನ್ನೂ ಹೋಗಿಲ್ಲ. ಅವಳು ಅದರ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದರೆ, ಸರಿಯಾಗಿ ಕೂತಿದೆ ಎಂದು ನಾನು ಮತ್ತೆ ಹೇಳಿಬಿಡುತ್ತೇನೆ. ಕಂಡದ್ದರಿಂದ ಹೇಳಿದೆನೋ, ಹೇಳಿದ್ದರಿಂದ ಕಂಡಿತೋ, ಆಗಲೂ ನನಗೆ ತಿಳಿಯುವುದಿಲ್ಲ.