ಪೆಟ್ಟಿಗೆಯ ಮೇಲಿನ ಶಲ್ಯೆ

ಹತ್ತಿಮತ್ತೂರಿನ ಸರೋಜವ್ವ ಮೂರನೇ ಇಯತ್ತೆಗೇ ಸಾಲಿ ಬಿಟ್ಟಾಕಿ. ಗಂಡ ಪರಮೇಶಪ್ಪ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಊರವರ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದ. ಮುಂಜಾನೆ ಸಿಪಿಯು ಪೆಟ್ಟಿಗೆಗೆ ವಿಭೂತಿ ಹಚ್ಚದೆ ಸ್ವಿಚ್ಚು ಒತ್ತಿದವನಲ್ಲ. ಅವನು ಹೋದ ಮೇಲೆ ಕೆಲಸ ಮಗಳು ತನುಜಾಳ ಪಾಲಿಗೆ ಬಂತು, ವಿಭೂತಿ ಸರೋಜವ್ವನ ಪಾಲಿಗೆ. ಆಕಿ ಅಷ್ಟಕ್ಕೇ ನಿಲ್ಲಲಿಲ್ಲ. ಗಂಡನ ಶಲ್ಯೆ ಮಡಚಿ ಪೆಟ್ಟಿಗೆಯ ಮೇಲೆ ಹಾಸಿದಳು, ಅದರ ಮೇಲೆ ಅವನ ಫೋಟೋ ಇಟ್ಟಳು. ಅಳಲಿಕ್ಕೆ ಅದೊಂದು ಜಾಗ ಆಯಿತು.

ಬ್ಯಾಸಗಿ ಬಂತು. ಕಂಪ್ಯೂಟರ್ ಹ್ಯಾಂಗ್ ಆಗತೊಡಗಿತು. ಮದುಮಗಳ ಹೆಸರು ಅರ್ಧಕ್ಕೇ ನಿಲ್ಲುತ್ತಿತ್ತು, ಮೌಸ್ ಎಷ್ಟು ಸರಿಸಿದರೂ ಬಾಣ ಅಲ್ಲಾಡುತ್ತಿರಲಿಲ್ಲ. ಒಮ್ಮೆ ತಾಸಿಗೆ, ಒಮ್ಮೆ ಸಂಜೆಗೆ. ಹೊತ್ತುಗೊತ್ತೇ ಇರಲಿಲ್ಲ.

ಸವಣೂರಿನ ಶಾಹಬಾಜನನ್ನು ಕರೆಸಿದರು. ಕಂಪ್ಯೂಟರ್, ಮಿಕ್ಸರ್ ಎಲ್ಲ ರಿಪೇರಿ ಮಾಡುವವ, ಪರಮೇಶಪ್ಪನ ದೋಸ್ತ. ಒಳಗಿನ ಫ್ಯಾನ್ ಬದಲಿಸಿ, ಹಳೆಯದನ್ನು ಪೇಪರಿನಲ್ಲಿ ಸುತ್ತಿ ಕಿಟಕಿಯಲ್ಲಿಟ್ಟ. ಹೊರಡುವಾಗ, "ಅಕ್ಕಾ, ಪೆಟಿಗಿ ಮ್ಯಾಲ ಏನೂ ಇಡಬ್ಯಾಡ್ರಿ. ಅಣ್ಣಾರ ಫೋಟೋ ಗ್ವಾಡಿಗೆ ಹಾಕ್ರಿ," ಅಂದ.

ಮಾತು ಆಕಿಗೆ ಸೇರಲಿಲ್ಲ. ನನ್ನ ಗಂಡನ್ನ ಎತ್ತಿಡು ಅನ್ನಾಕ ಇವ ಯಾರು? ಫೋಟೋ ಅಲ್ಲೇ ಉಳಿಯಿತು. ವಾರದೊಳಗೆ ಮತ್ತೆ ಹ್ಯಾಂಗ್.

ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ನಿಂತ ಹೆಂಗಸರ ಮುಂದೆ ಸರೋಜವ್ವ ಬಾಯಿ ಬಿಟ್ಟಳು. "ಗಂಡಸಿಲ್ಲದ ಮನಿ ನೋಡ್ರಿ. ಚಲೋ ಫ್ಯಾನ್ ಬಿಚಗೊಂಡು ಹ್ವಾದ, ಎಲ್ಲಿದೋ ಹಳೇದು ಕೂಡಿಸ್ಯಾನ ಆ ಶಾಹಬಾಜ."

"ದೋಸ್ತನ ಮನ್ಯಾಗೂ ಕೈ ಹಾಕಿದ್ನ?" ಅಂದಳು ಕರೆವ್ವ.

"ಸತ್ತವಗ ಎಲ್ಲೀ ದೋಸ್ತರವ್ವಾ!"

ಗಿರಣಿಯ ಸಪ್ಪಳಕ್ಕಿಂತ ಆಕಿ ದನಿಯೇ ದೊಡ್ಡದಿತ್ತು.

ತನುಜಾ ಯಾರನ್ನೂ ಬೈಯಲಿಲ್ಲ. ಪ್ಲಗ್ ಬದಲಿಸಿದಳು, ವಾಯರ್ ಬದಲಿಸಿದಳು, ಮೇಜು ಸರಿಸಿದಳು. ಏನೂ ಆಗಲಿಲ್ಲ. ಆಮೇಲೆ ಫೋಟೋದ ಗಾಜು ಸೀಳಿತು. ಬೇರೆ ಗಾಜು ಹಾಕಿಸಲಿಕ್ಕೆ ಸರೋಜವ್ವ ಅದನ್ನು ಒಯ್ದಳು, ಶಲ್ಯೆ ಒಗೆದು ಹರವಿದಳು. ಆವತ್ತು ದಿನವಿಡೀ ಕಂಪ್ಯೂಟರ್ ನಿಲ್ಲಲಿಲ್ಲ. ಮರುದಿನ ಶಲ್ಯೆ, ಫೋಟೋ ಮತ್ತೆ ಏರಿದವು. ಮಧ್ಯಾಹ್ನ ಬಾಣ ಗಕ್ಕನೆ ನಿಂತಿತು.

ತನುಜಾ ಶಲ್ಯೆಯ ಕೆಳಗೆ ಕೈ ತೂರಿಸಿ, ಸರಕ್ಕನೆ ಎಳೆದುಕೊಂಡಳು. "ಅವ್ವಾ, ಇಲ್ಲಿ ಕೈ ಇಡು."

ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಅಲ್ಲಿ ಜರಡಿಯಂತೆ ತೂತುಗಳು.

"ಒಳಗಿನ ಕಾವು ಹೊರಗ ಬರೂ ಜಾಗ ಇದ. ನಾವ ಮುಚ್ಚೇವಿ."

ಕಿಟಕಿಯಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಪೇಪರಿನ ಗಂಟನ್ನೂ ಬಿಚ್ಚಿದಳು. ಹಳೆಯ ಫ್ಯಾನ್ ಅದರಲ್ಲೇ ಇತ್ತು, ರೆಕ್ಕೆರೆಕ್ಕೆಗೂ ವಿಭೂತಿ ಮೆತ್ತಿಕೊಂಡು. ತೂತಿನಿಂದ ಉದುರಿದ ಮನೆಯ ವಿಭೂತಿ. ಶಾಹಬಾಜ ಅದನ್ನು ನೋಡಿದ್ದ. ಸರೋಜವ್ವನ ಮುಖವನ್ನೂ ನೋಡಿ, ಹೇಳದೆ ಹೋಗಿದ್ದ.

ಸರೋಜವ್ವ ಫೋಟೋ ಎತ್ತಿಕೊಂಡಳು. ಗಂಡನ ಮುಖ ನೋಡಲಿಕ್ಕೆ ಆಗಲಿಲ್ಲ. ಬೋರಲು ಹಾಕಿದಳು.

"ಎಲ್ಲಿ ಹೊಂಟಿ ಅವ್ವಾ?"

"ನಾ ಎಲ್ಲಿ ನಿಂತು ಅವನ್ನ ಕಳ್ಳ ಅಂದಿದ್ನೋ, ಅಲ್ಲಿಗೆ."

ಗಿರಣಿಯಲ್ಲಿ ಕರೆವ್ವ ಕೇಳಿದಳು, "ಕಾಳು ಎಲ್ಲಿ ಸರೋಜವ್ವಾ?"

"ತಂದಿಲ್ಲ. ಶಾಹಬಾಜ ಏನೂ ಕದ್ದಿಲ್ಲ. ಫ್ಯಾನ್ ನಮ್ಮ ಮನ್ಯಾಗ ಐತಿ. ತಪ್ಪು ನಂದು."

ಯಾರೂ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು.

"ಅಯ್ಯ ನಮ್ಮವ್ವ, ನಮ್ಮ ಮಿಕ್ಸರ್ ಅವಗ ಕೊಡಾಕ ಹೊಂಟಿದ್ದೆ," ಅಂದಳು ಕರೆವ್ವ. "ನೀ ಅಂದಿ ಅಂತ ಬಿಟ್ಟೆ."

"ಇನ್ನೂ ಕೆಟ್ಟ ಬಿದ್ದೈತೇನು?"

"ಬಿದ್ದೈತಿ."

"ತಾ ಇಲ್ಲಿ."

ಮಿಕ್ಸರ್ ಬಗಲಲ್ಲಿಟ್ಟುಕೊಂಡು ಸವಣೂರು ಬಸ್ಸು ಹತ್ತಿದಳು. ಶಾಹಬಾಜ ಅಂಗಡಿಯಲ್ಲಿ ಒಬ್ಬನೇ ಇದ್ದ.

"ಹತ್ತಿಮತ್ತೂರವರು ಯಾರೂ ಬರೂದಿಲ್ಲಲ್ರಿ ಈಗ," ಅಂದ, ತಲೆ ಎತ್ತದೆ. ಗಿರಣಿಯ ಮಾತು ಮುಟ್ಟಿತ್ತು.

ಆಕಿ ಮಿಕ್ಸರ್ ಅವನ ಮುಂದಿಟ್ಟಳು. "ಕರೆವ್ವಂದು. ತಪ್ಪು ನಂದು ಅಂತ ಎಲ್ಲಾರ ಮುಂದ ಹೇಳಿ ಬಂದೇನಿ."

ಅವನು ಮಿಕ್ಸರ್ ಹತ್ತಿರ ಎಳೆದುಕೊಂಡ. ಆಮೇಲೆ ಸ್ಟೂಲು ಸರಿಸಿ, "ಕುಂಡ್ರಿ ಅಕ್ಕಾ," ಅಂದ.

ಆಕಿ ಕೂಡಲಿಲ್ಲ. ಅವನು ಮಿಕ್ಸರ್ ಬಿಚ್ಚಿ ಕೂಡಿಸುವ ತನಕ ಬಾಗಿಲಲ್ಲೇ ನಿಂತಳು.