ಸದ್ದಡಗಿದ ಟೀವಿಯ ಮುಂದೆ

ಹೊಳೆನರಸೀಪುರದ ನಮ್ಮ ಬಾಡಿಗೆ ಮನೆಗೆ ಕೇಬಲ್ ಬಂದ ವರ್ಷ ಮಗಳು ಮೂರನೇ ಕ್ಲಾಸಿನಲ್ಲಿದ್ದಳು. ನಾನು ಅದೇ ಊರಿನ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಊರ ಮಕ್ಕಳಿಗೆಲ್ಲ ಓದು ಕಲಿಸುತ್ತಿದ್ದವಳಿಗೆ ನನ್ನ ಮಗಳ ಕೈಗೆ ಒಂದು ಕಥೆಪುಸ್ತಕ ಹಿಡಿಸಲು ಆಗುತ್ತಿರಲಿಲ್ಲ. ಸಂಜೆ ಬಂದವಳೇ ಬ್ಯಾಗು ಮೂಲೆಗೆ ಹಾಕಿ ಕಾರ್ಟೂನಿನ ಮುಂದೆ ಕೂತರೆ, ಲೋಟದ ಹಾಲು ಕೆನೆಗಟ್ಟಿದರೂ ಏಳುತ್ತಿರಲಿಲ್ಲ. ಬೈದು ನೋಡಿದೆ. ರಿಮೋಟ್ ಬಚ್ಚಿಟ್ಟೆ. ಬಣ್ಣದ ಪುಸ್ತಕ ತಂದು ದಿಂಬಿನ ಪಕ್ಕ ಇಟ್ಟೆ. ಅವಳು ಚಿತ್ರ ನೋಡಿ ಮುಚ್ಚಿಟ್ಟಳು.

ಆ ಚಳಿಗಾಲ ಅರಕಲಗೂಡಿನ ಕಡೆಯಿಂದ ಅತ್ತೆ ಬಂದರು, ಜೊತೆಗೆ ಹೊಲದ ಅವರೆಕಾಯಿಯ ದೊಡ್ಡ ಚೀಲ. ಹಾಸನದಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದೆವು. ಕಣ್ಣು ವಾಸಿಯಾಗುವ ತನಕ ಟೀವಿ ನೋಡಕೂಡದು ಎಂದರು ಡಾಕ್ಟರು. ಸೀರಿಯಲ್ ಅಂದರೆ ಪ್ರಾಣ ಬಿಡುತ್ತಿದ್ದ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಟೀವಿಗೆ ಬೆನ್ನು ಮಾಡಿ, ಬೆರಳ ತುದಿಯಲ್ಲೇ ತಡವಿಕೊಂಡು ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಮನೆಯೆಲ್ಲ ಅವರೆಯ ಸೊಗಡು.

ಒಂದು ಸಂಜೆ ಅವರೇ ಕೇಳಿದರು: "ನಿನ್ ಸ್ಕೂಲ್ ಪುಸ್ತಕದಲ್ಲಿ ಏನಾರ ಕತೆ ಇದ್ರೆ ಓದವ್ವ. ಸುಮ್ಕೆ ಕುಂತ್ರೆ ಒತ್ತೇ ಓಗಾಕಿಲ್ಲ."

ಶಾಲೆಯ ಬೀರುವಿನಿಂದ ತಂದ ಪುಸ್ತಕವೊಂದನ್ನು ಬಿಡಿಸಿದೆ. ಹೊಳೆ ಎಲ್ಲಿ ಹುಟ್ಟುತ್ತದೆಂದು ನೋಡಲು ದಡದಗುಂಟ ನಡೆದು ಹೋಗುವ ಹುಡುಗಿಯ ಕಥೆ ಅದು. ನಾನು ಓದಲು ಶುರು ಮಾಡಿದರೆ ಮಗಳು ಟೀವಿಯ ಸದ್ದು ಏರಿಸಿದಳು. ಅತ್ತೆಗೆ ಸಿಟ್ಟು ಬರಲಿಲ್ಲ.

"ಆ ಸದ್ದು ವಸಿ ಅಡಗ್ಸು ಮಗ," ಎಂದರು. "ಆ ಹುಡ್ಗಿ ಒಳೆ ದಾಟುದ್ಲೋ ಇಲ್ವೋ ಕೇಳ್ಬೇಕು."

ಅಜ್ಜಿಯ ಮಾತಿಗೆ ಅವಳು ಸದ್ದು ಪೂರ್ತಿ ತೆಗೆದಳು, ಚಿತ್ರ ಹಾಗೇ ಬಿಟ್ಟಳು. ಅಂದಿನಿಂದ ನಮ್ಮ ಸಂಜೆಗಳು ಅರ್ಧ ಕನಸಿನಂತಾದವು. ಟೋಪಿ ಹಾಕಿದ ಹಸಿರು ಮೊಸಳೆಯೊಂದು ಬಾಯಿ ತೆರೆದು ಮೂಕವಾಗಿ ಓಡುತ್ತಿತ್ತು. ಅದರ ನೀಲಿ ಬೆಳಕು ಗೋಡೆಯ ಮೇಲೆ ನೀರಿನ ಹಾಗೆ ಅಲ್ಲಾಡುತ್ತಿತ್ತು. ಆ ನೀರಿನ ಅಂಚಿನಲ್ಲೇ ನನ್ನ ಕಥೆಯ ಹುಡುಗಿ ನಡೆದು ಹೋಗುತ್ತಿದ್ದಳು. ಮಗಳ ಕಣ್ಣು ಟೀವಿಯ ಮೇಲೆ. ಕಿವಿ ಎಲ್ಲಿತ್ತೋ ನನಗೆ ತಿಳಿಯುತ್ತಿರಲಿಲ್ಲ.

ಅದು ತಿಳಿದದ್ದು ಶೀತವಾಗಿ ನನ್ನ ಗಂಟಲು ಕಟ್ಟಿದ ದಿನ. ಇವತ್ತು ಕಥೆ ಇಲ್ಲ ಎಂದು ಕೈಸನ್ನೆ ಮಾಡಿದೆ. ಅತ್ತೆ ಇನ್ನೊಂದು ಹಿಡಿ ಅವರೆಕಾಯಿ ಮಡಿಲಿಗೆ ಹಾಕಿಕೊಂಡರು. ಆಮೇಲೆ ಮಗಳು ಎದ್ದು ಬಂದು ನನ್ನ ಮಡಿಲಿನಿಂದ ಪುಸ್ತಕ ತೆಗೆದುಕೊಂಡು, ಅಜ್ಜಿಗೆ ಒರಗಿ ಕೂತಳು. ಒತ್ತಕ್ಷರ ಬಂದಲ್ಲಿ ತಡವರಿಸುತ್ತಾ, ಬೆರಳಿಟ್ಟುಕೊಂಡು ಓದಿದಳು. ಅವಳು ಓದುತ್ತಾ ಹೋದಂತೆ, ಕಥೆಯ ಹುಡುಗಿ ಬಂಡೆಯ ಮೇಲೆ ಕೂತಾಗ ನೀರಿನಿಂದ ಟೋಪಿ ಹಾಕಿದ ಮೊಸಳೆಯೊಂದು ಎದ್ದು ಬಂದು ದಾರಿ ಹೇಳಿತು.

ಪುಸ್ತಕದಲ್ಲಿ ಮೊಸಳೆಯೇ ಇರಲಿಲ್ಲ. ನಾನು ಬಾಯಿ ತೆರೆದೆ. ಪುಣ್ಯಕ್ಕೆ ಸ್ವರ ಹೊರಡಲಿಲ್ಲ.

"ಒಳ್ಳೆ ಮೊಸ್ಳೆ ಕಣವ್ವ," ಎಂದರು ಅತ್ತೆ. "ಮುಂದಕ್ಕೆ ಓದು."

ಮುಂದಿನ ಸಂಜೆ ಗಂಟಲು ಸರಿಹೋಗಿದ್ದರೂ ನಾನು ಪುಸ್ತಕ ಕೇಳಲಿಲ್ಲ. ಅವರೆಯ ಕಾಲ ಮುಗಿಯಿತು, ಅತ್ತೆ ಊರಿಗೆ ಮರಳಿದರು. ಟೀವಿ ಮನೆ ಬಿಟ್ಟು ಹೋಗಲಿಲ್ಲ, ಕಾರ್ಟೂನೂ ನಿಲ್ಲಲಿಲ್ಲ. ಆದರೆ ಮಗಳು ಮಧ್ಯೆ ಮಧ್ಯೆ ಎದ್ದು ಕಿಟಕಿಯ ಹತ್ತಿರ ಹೋಗಿ ಒಬ್ಬಳೇ ಓದುತ್ತಿದ್ದಳು.

ಆ ಬೇಸಿಗೆಯಲ್ಲಿ ನೆಂಟರ ಗೃಹಪ್ರವೇಶಕ್ಕೆಂದು ಚನ್ನರಾಯಪಟ್ಟಣಕ್ಕೆ ಹೋದೆವು. ಬಸ್ಸು ನಿಂತಿತು, ಜನ ಇಳಿದರು, ಖಾಲಿ ಸೀಟುಗಳ ಮೇಲೆ ಬಿಸಿಲಿನ ಧೂಳು ತೇಲುತ್ತಿತ್ತು. ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. ನಾನು ಭುಜ ಮುಟ್ಟಿದರೆ ಇನ್ನೊಂದು ಪುಟ ಎಂದಳು.

ಕಂಡಕ್ಟರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು, "ಓದ್ಕಳ್ಳಿ ಬುಡಿ ಮೇಡಂ, ಗಾಡಿ ಈಗ್ಲೇ ಒಲ್ಡಾಕಿಲ್ಲ," ಎಂದು ಟೀ ಕುಡಿಯಲು ಹೋದ.

ನಾನೂ ಅವಳ ಪಕ್ಕದಲ್ಲೇ ಕೂತೆ.